ಗಾಳಿಯೋ, ಉಸಿರೋ, ಆತ್ಮವೋ?

ಪ್ರಶ್ನೆ: ಕನ್ನಡ ಬೈಬಲಿನ ಆದಿಕಾಂಡ 1:2ರಲ್ಲಿ ಜಲಸಮೂಹಗಳ ಮೇಲೆ ಚಲಿಸುತ್ತಿದ್ದದ್ದು ‘ದೇವರಾತ್ಮ’ ಎಂದಿದೆ. ಕೆಲವು ಇಂಗ್ಲಿಷ್ ಅನುವಾದಗಳು ಅದನ್ನು ‘ದೇವರಿಂದ ಬಂದ ಗಾಳಿ’ ಎನ್ನುತ್ತವೆ. ಯಾವುದು ಸರಿ?

ಉತ್ತರ: ಮೂಲದಲ್ಲಿರುವ ಹೀಬ್ರೂ ಪದ ‘ರೂಆಹ್’. ಬೀಸುವ ಗಾಳಿ, ಮೂಗಿನ ಉಸಿರು, ಜೀವ ಕೊಡುವ ಚೇತನ, ಈ ಮೂರಕ್ಕೂ ಆ ಭಾಷೆಯಲ್ಲಿ ಇದೊಂದೇ ಮಾತು. ಆದ್ದರಿಂದ ಎರಡು ಅನುವಾದಗಳಿಗೂ ಆಧಾರವಿದೆ. ಇದು ಕನ್ನಡಿಗರಿಗೆ ತೀರ ವಿಚಿತ್ರವೆನಿಸಬೇಕಾಗಿಲ್ಲ. ‘ಅವನಿಗೆ ಗಾಳಿ ಸೋಕಿದೆ’ ಎಂದಾಗ ನಾವು ಹವೆಯ ಮಾತಾಡುತ್ತಿರುವುದಿಲ್ಲ. ಸೌಲ ಅರಸನನ್ನು ಪೀಡಿಸಿದ ದುರಾತ್ಮಕ್ಕೂ ಹೀಬ್ರೂವಿನಲ್ಲಿ ‘ರೂಆಹ್’ ಎಂದೇ ಹೆಸರು.

ಈ ಪದದ ಬಹುರೂಪವನ್ನು ಕವಿತೆಯ ಕಸುಬಾಗಿ ಬಳಸಿಕೊಂಡವನು ಪ್ರವಾದಿ ಯೆಹೆಜ್ಕೇಲ. ಒಣ ಎಲುಬುಗಳ ಕಣಿವೆಯ ದರ್ಶನದಲ್ಲಿ (37:1–14) ‘ರೂಆಹ್’ ಹತ್ತು ಸಲ ಬರುತ್ತದೆ: ಪ್ರವಾದಿಯನ್ನು ಕಣಿವೆಗೆ ಒಯ್ಯುವಾಗ ಅದು ದೇವರ ಆತ್ಮ, ನಾಲ್ಕು ದಿಕ್ಕುಗಳಿಂದ ಕರೆಯುವಾಗ ಗಾಳಿ, ಹೆಣಗಳೊಳಗೆ ಹೊಕ್ಕಾಗ ಉಸಿರು, ಕಡೆಗೆ ‘ನನ್ನ ಆತ್ಮ’. ಒಂಬತ್ತನೆಯ ವಚನವೊಂದರಲ್ಲೇ ಅದು ನಾಲ್ಕು ಸಲ ಮೊಳಗುತ್ತದೆ. ಅನುವಾದಕರು ಬೇರೆ ಬೇರೆ ಪದಗಳನ್ನು ಹಾಕದೆ ಗತ್ಯಂತರವಿಲ್ಲ, ಆದರೆ ಹಾಗೆ ಹಾಕಿದೊಡನೆ ಒಂದೇ ಶಬ್ದ ಅರ್ಥ ಬದಲಿಸುತ್ತ ಮರಳಿ ಮರಳಿ ಕೇಳಿಸುವ ಸೊಗಸು ಕಳೆದುಹೋಗುತ್ತದೆ.

ನಿಮ್ಮ ವಚನಕ್ಕೆ ಬಂದರೆ, ನನ್ನ ಅಭಿಪ್ರಾಯದಲ್ಲಿ ಅಲ್ಲಿನ ದೊಡ್ಡ ನಷ್ಟ ನಾಮಪದದ್ದಲ್ಲ, ಕ್ರಿಯಾಪದದ್ದು. ‘ಚಲಿಸುತ್ತಿತ್ತು’ ಎಂದಿರುವಲ್ಲಿ ಮೂಲದಲ್ಲಿರುವುದು ‘ಮೆರಹೆಫೆತ್’. ಇದೇ ಧಾತು ಧರ್ಮೋಪದೇಶಕಾಂಡ 32:11ರಲ್ಲಿ ಮರಿಗಳ ಮೇಲೆ ರೆಕ್ಕೆ ಬಡಿಯುತ್ತ ಸುಳಿದಾಡುವ ಹದ್ದಿಗೆ ಬಳಕೆಯಾಗಿದೆ. ‘ರೂಆಹ್’ ಇಲ್ಲಿ, ಹೆಚ್ಚಿನ ಕಡೆಗಳಲ್ಲಿರುವಂತೆ, ವ್ಯಾಕರಣದಲ್ಲಿ ಸ್ತ್ರೀಲಿಂಗವೂ ಹೌದು (ಅದರಿಂದ ದೇವತಾಶಾಸ್ತ್ರವನ್ನೇ ಕಟ್ಟಹೊರಡುವುದು ಅವಸರವಾದೀತು). ‘ಗಾಳಿ’ ಎಂದು ಓದುವವರು ಈ ಹಕ್ಕಿಯನ್ನು ಮರೆಯಬಾರದು. ‘ಆತ್ಮ’ ಎಂದು ಓದುವವರು ನೀರಿನ ಮೇಲಿನ ಗಾಳಿಯನ್ನು ಮರೆಯಬಾರದು.

ಇನ್ನೊಂದು ವಚನವನ್ನು ಪಕ್ಕದಲ್ಲಿಟ್ಟು ನೋಡಿ. ಜಲಪ್ರಳಯದ ನಂತರ ದೇವರು ಭೂಮಿಯ ಮೇಲೆ ಗಾಳಿ ಬೀಸುವಂತೆ ಮಾಡಿದಾಗ ನೀರು ತಗ್ಗಿತು ಎನ್ನುತ್ತದೆ ಆದಿಕಾಂಡ 8:1. ಆ ಗಾಳಿಯೂ ‘ರೂಆಹ್’. ಮತ್ತೆ ಅದೇ ನೀರು, ಅದರ ಮೇಲೆ ಮತ್ತೆ ಅದೇ ಪದ. ಸೃಷ್ಟಿ ಎರಡನೆಯ ಸಲ ಆರಂಭವಾಗುತ್ತಿದೆ ಎಂಬುದು ಹೀಬ್ರೂ ಓದುಗನ ಕಿವಿಗೆ ತಾನಾಗಿ ತಲಪುತ್ತದೆ. ಒಂದು ಕಡೆ ‘ಆತ್ಮ’, ಇನ್ನೊಂದು ಕಡೆ ‘ಗಾಳಿ’ ಎಂದು ಓದುವ ನಾವು ಅದನ್ನು ಹುಡುಕಿಯೇ ಕಾಣಬೇಕು.