ಕುತ್ತಿಗೆಯಲ್ಲಿ ಒಂದು ಎಲುಬು ಜಾಸ್ತಿ ಇದೆಯಂತೆ, ಆಪರೇಷನ್ ಮಾಡಿಸಲೇಬೇಕಾ?

ಪ್ರಶ್ನೆ: ನಮ್ಮ ಮನೆಯವರಿಗೆ 34 ವರ್ಷ, ರೈಸ್ ಮಿಲ್ಲಿನಲ್ಲಿ ಹಮಾಲಿ ಕೆಲಸ. ಆರು ತಿಂಗಳಿಂದ ಬಲಗೈಯ ಕಿರುಬೆರಳು, ಉಂಗುರದ ಬೆರಳು ಜೋಮು ಹಿಡಿಯುತ್ತವೆ. ಕೈ ಮೇಲೆತ್ತಿದರೆ ಭುಜದಿಂದ ಸೆಳೆತ. ಎಕ್ಸ್‌ರೇ ನೋಡಿ, ಕುತ್ತಿಗೆಯಲ್ಲಿ ಒಂದು ಎಲುಬು ಜಾಸ್ತಿ ಇದೆ, ತೆಗೆಯಬೇಕಾಗಬಹುದು ಎಂದರು. ನರ ಕತ್ತರಿಸಿದರೆ ಕೈಯೇ ಹೋಗುತ್ತದೆ ಎಂದು ಮಂದಿ ಹೆದರಿಸುತ್ತಿದ್ದಾರೆ. ಏನು ಮಾಡೋಣ ಡಾಕ್ಟ್ರೇ?
– ಒಬ್ಬ ಓದುಗರು, ಗಂಗಾವತಿ

ಉತ್ತರ: ಹೆದರಬೇಡಿ ತಂಗಿ, ಹಾಗಂತ ಸುಮ್ನೆ ಕೂರಲೂ ಬೇಡಿ. ಆ ಎಲುಬು ಹುಟ್ಟಿನಿಂದಲೇ ಇರುವಂಥದ್ದು. ಅದು ಇರುವವರಲ್ಲಿ ಹೆಚ್ಚಿನವರಿಗೆ ಜೀವನವಿಡೀ ಏನೂ ತೊಂದರೆ ಆಗುವುದಿಲ್ಲ. ಎಕ್ಸ್‌ರೇಯಲ್ಲಿ ಕಂಡಿತು ಅಂದ ಮಾತ್ರಕ್ಕೆ ತೆಗೆಸುವುದಲ್ಲ, ಅದು ನರವನ್ನೋ ರಕ್ತನಾಳವನ್ನೋ ಒತ್ತುತ್ತಿದ್ದರೆ ಮಾತ್ರ ಅದರ ಮಾತು.

ಕುತ್ತಿಗೆಯಿಂದ ಕೈಗೆ ಹೋಗುವ ನರಗಳು, ರಕ್ತನಾಳಗಳು ಕಾಲರ್ ಎಲುಬು ಮತ್ತು ಮೊದಲ ಪಕ್ಕೆಲುಬಿನ ನಡುವಿನ ಸಂದಿಯಲ್ಲಿ ಹಾದುಹೋಗುತ್ತವೆ. ಮೊದಲೇ ಇಕ್ಕಟ್ಟು, ಅದರಲ್ಲಿ ಇನ್ನೊಂದು ಎಲುಬು, ಮೇಲೆ ದಿನವಿಡೀ ಭತ್ತದ ಚೀಲದ ಭಾರ. ಇದನ್ನೇ ಥೊರಾಸಿಕ್ ಔಟ್‌ಲೆಟ್ ಸಿಂಡ್ರೋಮ್ ಎನ್ನುವುದು. ಈ ತೊಂದರೆ ಇರುವ ನೂರಕ್ಕೆ 90ಕ್ಕೂ ಜಾಸ್ತಿ ಜನರಲ್ಲಿ ಒತ್ತಡ ಬೀಳುವುದು ನರದ ಮೇಲೆ. ಆದರೆ ಮೊಣಕೈ ಹತ್ತಿರ ನರ ಸಿಕ್ಕಿಕೊಂಡರೂ, ಕುತ್ತಿಗೆಯ ಡಿಸ್ಕ್ ಜಾರಿದರೂ ಇದೇ ಬೆರಳುಗಳು ಜೋಮು ಹಿಡಿಯಬಹುದು. ಅದಕ್ಕೇ ನರದ ಟೆಸ್ಟ್, ಕುತ್ತಿಗೆಯ ಎಂಆರ್‌ಐ, ಕೈ ಎತ್ತಿಸಿ ಮಾಡುವ ಡಾಪ್ಲರ್ (ರಕ್ತದ ಹರಿವು ನೋಡುವ ಸ್ಕ್ಯಾನ್) ಆಗದೆ ಆಪರೇಷನ್‌ಗೆ ಒಪ್ಪಬೇಡಿ.

ಬರೀ ನರದ ತೊಂದರೆಯಾದರೆ ಮೊದಲು ಮೂರರಿಂದ ಆರು ತಿಂಗಳು ಫಿಸಿಯೋಥೆರಪಿ. ಚೀಲ ಹೊರುತ್ತಲೇ ಮಾಡಿದರೆ ಅದು ವ್ಯರ್ಥ. ದುಡಿಮೆ ಬಿಟ್ಟರೆ ಮನೆ ನಡೆಯುವುದು ಹೇಗೆ ಅಂತೀರಿ, ನಿಜ, ಅದಕ್ಕೇ ಸದ್ಯಕ್ಕೆ ಚೀಲ ಹೊಲಿಯುವ ಅಥವಾ ತೂಕದ ಕೆಲಸ ಕೊಡಿ ಎಂದು ಮಿಲ್ಲಿನವರನ್ನು ಈಗಲೇ ಕೇಳಿ.

ಹೆಬ್ಬೆರಳ ಬುಡದ ಮಾಂಸ ಕರಗುತ್ತಿದ್ದರೆ, ಹಿಡಿತ ಸಡಿಲವಾಗುತ್ತಿದ್ದರೆ ಇಷ್ಟು ದಿನ ಕಾಯುವ ಹಾಗಿಲ್ಲ. ಕರಗಿದ ಮಾಂಸ ಆಪರೇಷನ್ ಆದ ಮೇಲೂ ಪೂರ್ತಿ ಮರಳದೆ ಹೋಗಬಹುದು. ಬೆರಳು ತಣ್ಣಗಾಗಿ ಬಿಳಿಚಿದರೆ, ಅಥವಾ ಕೈ ಇದ್ದಕ್ಕಿದ್ದಂತೆ ಊದಿ ನೀಲಿಯಾದರೆ ಅದು ರಕ್ತನಾಳದ ತೊಂದರೆ, ಅವತ್ತೇ ಆಸ್ಪತ್ರೆಗೆ ಹೋಗಿ.

ಆಪರೇಷನ್‌ನಲ್ಲಿ ನರ ಕತ್ತರಿಸುವುದಿಲ್ಲ ತಂಗಿ. ಪೂರ್ತಿ ಮತ್ತು ಬರಿಸಿ, ಕಾಲರ್ ಎಲುಬಿನ ಮೇಲೆ ಅಥವಾ ಕಂಕುಳಲ್ಲಿ ಕೊಯ್ದು, ಒತ್ತುವ ಎಲುಬನ್ನೂ ಬಿಗಿದ ಸ್ನಾಯುವನ್ನೂ ತೆಗೆಯುತ್ತಾರೆ. ಹಲವರಲ್ಲಿ ಮೊದಲ ಪಕ್ಕೆಲುಬನ್ನೂ ತೆಗೆಯಬೇಕಾಗುತ್ತದೆ. ಅಪಾಯ ಇಲ್ಲವೇ ಇಲ್ಲ ಎನ್ನಲಾರೆ. ಶ್ವಾಸಕೋಶದ ಸುತ್ತ ಗಾಳಿ ತುಂಬಬಹುದು, ರಕ್ತಸ್ರಾವ ಆಗಬಹುದು, ಕೈಯ ಅಥವಾ ಉಸಿರಾಟದ ನರಕ್ಕೆ ಪೆಟ್ಟಾಗಬಹುದು. ಅದಕ್ಕೇ ಇದನ್ನು ಮಾಡಿ ಅನುಭವ ಇರುವ ಸರ್ಜನ್ ಬೇಕು, ಎಷ್ಟು ಮಾಡಿದ್ದೀರಿ ಎಂದು ಸಂಕೋಚವಿಲ್ಲದೆ ಕೇಳಿ. ಸಾಮಾನ್ಯವಾಗಿ ಕೆಲವೇ ದಿನಗಳಲ್ಲಿ ಮನೆಗೆ ಕಳಿಸುತ್ತಾರೆ, ಭಾರ ಎತ್ತಲು ಮಾತ್ರ ಸುಮಾರು ಮೂರು ತಿಂಗಳು ಬೇಕು.

ಕೊಪ್ಪಳ ಅಥವಾ ಬಳ್ಳಾರಿಯ ಮೆಡಿಕಲ್ ಕಾಲೇಜು ಆಸ್ಪತ್ರೆಯಲ್ಲಿ ಮೊದಲು ತೋರಿಸಿ. ಹೋಗುವಾಗ ರೇಷನ್ ಕಾರ್ಡ್, ಆಧಾರ್ ಇಟ್ಟುಕೊಳ್ಳಿ, ಆಯುಷ್ಮಾನ್ ಯೋಜನೆಯಲ್ಲಿ ಇದು ಬರುತ್ತದಾ ಎಂದು ಅಲ್ಲಿನ ಆರೋಗ್ಯಮಿತ್ರರನ್ನು ಕೇಳಿ.