ಪ್ರಾರ್ಥನೆ ಮಾಡಿದರೂ ಮನಸ್ಸಿನ ಭಾರ ಇಳಿಯದಿದ್ದರೆ ಏನು ಮಾಡಬೇಕು?

"ಬಹಳ ದಿನದಿಂದ ಪ್ರಾರ್ಥನೆ ಮಾಡುತ್ತಿದ್ದೇನೆ, ಮನಸ್ಸಿನ ಭಾರ ಇಳಿದಿಲ್ಲ. ನಿನ್ನ ನಂಬಿಕೆ ಸಾಲದು ಅಂತ ನಮ್ಮ ಚರ್ಚಿನ ಸಭೆಯಲ್ಲಿ ಹೇಳುತ್ತಾರೆ. ಒಮ್ಮೊಮ್ಮೆ ಬದುಕೇ ಬೇಡ ಅನಿಸುತ್ತದೆ. ಡಾಕ್ಟರ ಹತ್ತಿರ ಹೋದರೆ ದೇವರನ್ನು ನಂಬಲಿಲ್ಲ ಅಂತ ಆಗುತ್ತಾ?" ಅಂತ ಕೇಳಿದ್ದೀರಿ.

ಕೊನೆಯ ಪ್ರಶ್ನೆಗೆ ಮೊದಲು ಉತ್ತರ ಹೇಳಿಬಿಡುತ್ತೇನೆ. ಖಂಡಿತ ಆಗುವುದಿಲ್ಲ. ಬದುಕು ಬೇಡ ಅನ್ನುವ ಯೋಚನೆ ಈಗಲೂ ಕಾಡುತ್ತಿದ್ದರೆ ನನ್ನ ಉತ್ತರ ಆಮೇಲೆ ಓದಿ, ಮೊದಲು 14416ಕ್ಕೆ ಫೋನ್ ಮಾಡಿ. ಟೆಲಿ ಮಾನಸ್ ಅಂತ, 2022ರಲ್ಲಿ ಸರ್ಕಾರ ಶುರು ಮಾಡಿದ ಸಹಾಯವಾಣಿ. ದುಡ್ಡು ಕೊಡಬೇಕಾಗಿಲ್ಲ, ಹಗಲು ರಾತ್ರಿ ಇರುತ್ತದೆ, ಕನ್ನಡದಲ್ಲೇ ಮಾತಾಡಬಹುದು. ಮನೆಯಲ್ಲಿ ಒಬ್ಬರಿಗಾದರೂ ಇವತ್ತೇ ವಿಷಯ ಹೇಳಿ.

ಈಗ ನನ್ನ ಕಥೆ. ನನ್ನ ಯಜಮಾನರು ಹೃದಯಾಘಾತವಾಗಿ ತೀರಿಕೊಂಡರು. ಬೆಳಿಗ್ಗೆ ಆಫೀಸಿಗೆ ಹೋದವರು ಸಂಜೆ ಮನೆಗೆ ಬರಲಿಲ್ಲ. ಆಮೇಲೆ ಮನೆಗೆ ಬಂದವರೆಲ್ಲ ಒಂದೊಂದು ವಾಕ್ಯ ಹೇಳಿ ಹೋದರು. ದೇವರ ಚಿತ್ತ ಅಂದರು. ಒಳ್ಳೆಯವರನ್ನು ದೇವರು ಬೇಗ ಕರೆದುಕೊಳ್ಳುತ್ತಾನೆ ಅಂದರು. ಯಾವಾಗಲೂ ಸಂತೋಷವಾಗಿರಿ ಅಂತ ಬರೆದಿದೆಯಲ್ಲಮ್ಮ, ಅಳಬಾರದು ಅಂತಲೂ ಒಬ್ಬರು ಹೇಳಿದರು. ಕೆಟ್ಟ ಮನಸ್ಸಿನಿಂದ ಹೇಳಿದ್ದಲ್ಲ, ಗೊತ್ತು. ಆದರೆ ಆ ಮಾತು ಕೇಳಿದ ಮೇಲೆ ಪ್ರಾರ್ಥನೆ ಮಾಡೋಕೆ ಕೂತರೆ ಬಾಯಿಯೇ ಕಟ್ಟಿಹೋಗುತ್ತಿತ್ತು. ಒಳಗೆ ಬೆಂಕಿ ಇಟ್ಟುಕೊಂಡು ಹೊರಗೆ ಸ್ತೋತ್ರ ಹೇಳುವುದು ಎಷ್ಟು ದಿನ ನಡೆಯುತ್ತೆ?

ಅವರೆಕಾಯಿ ಕಾಲ ಶುರುವಾದಾಗ ನಮ್ಮ ಸಭೆಯ ಒಬ್ಬ ವಯಸ್ಸಾದ ಹೆಂಗಸು ಮನೆಗೆ ಬಂದರು. ಶಾಲೆಯಲ್ಲಿ ಪಾಠ ಮಾಡಿ ನಿವೃತ್ತರಾದವರು, ಎಲ್ಲರಿಗೂ ಟೀಚರಮ್ಮ. ಕೈಯಲ್ಲಿ ಒಂದು ಚೀಲ ಅವರೆಕಾಯಿ. ನೆಲದ ಮೇಲೆ ಪೇಪರ್ ಹಾಸಿ, ಕಾಯಿ ಸುರಿದು, "ಬಾ, ಸುಲಿಯೋಣ" ಅಂದರು. ಹೇಗಿದ್ದೀಯ ಅಂತ ಕೇಳಲಿಲ್ಲ. ಒಳ್ಳೇ ಸೊಗಡಿನ ಕಾಯಿ, ಬೆರಳಿಗೆಲ್ಲ ಅಂಟು. ಅರ್ಧ ಸುಲಿದಾದ ಮೇಲೆ, ಕೈ ತೊಳೆದುಕೊಂಡು ಬಂದು ಬೈಬಲಿನ 88ನೇ ಕೀರ್ತನೆ ಓದು ಅಂದರು. ಓದಿದೆ. ಕಷ್ಟ, ಮತ್ತೆ ಕಷ್ಟ, ದೇವರೇ ಯಾಕೆ ಮುಖ ಮರೆಮಾಡಿಕೊಂಡೆ ಅನ್ನುವ ಗೋಳು. ಕೊನೆಯಲ್ಲಿ ಸಮಾಧಾನದ ಮಾತು ಬರುತ್ತೆ ಅಂತ ಕಾಯ್ತಾ ಇದ್ದೆ. ಬರಲೇ ಇಲ್ಲ. ಆ ಕೀರ್ತನೆ ಕತ್ತಲೆಯಲ್ಲೇ ಮುಗಿಯುತ್ತದೆ.

"ಇಷ್ಟೇನಾ?" ಅಂದೆ.

"ಇಷ್ಟೇ. ಇದನ್ನೂ ಸತ್ಯವೇದದಿಂದ ತೆಗೆದುಹಾಕಿಲ್ಲವಲ್ಲ, ಅದಕ್ಕೇ ಓದಿಸಿದ್ದು" ಅಂತ ಹೇಳಿ ಮತ್ತೆ ಸುಲಿಯೋಕೆ ಕೂತರು.

ಅವತ್ತಿನಿಂದ ನನ್ನ ಪ್ರಾರ್ಥನೆಯ ಧಾಟಿಯೇ ಬದಲಾಯಿತು. ದೇವರ ಜೊತೆ ಜಗಳ ಆಡೋಕೆ ಶುರು ಮಾಡಿದೆ. ಬೈದೆ, ಅತ್ತೆ, ಕೆಲವು ದಿನ ಮುನಿಸಿಕೊಂಡು ಸುಮ್ನೆ ಕೂತೆ. 88ನೇ ಕೀರ್ತನೆ ಬರೆದವನು ಅಷ್ಟು ದೂರಿದರೂ ದೂರುವುದು ದೇವರ ಹತ್ತಿರವೇ ಅಲ್ವಾ? ಬಿಟ್ಟು ಹೋಗಿಲ್ಲ. ಅದೂ ನಂಬಿಕೆಯೇ. ನನ್ನ ಮಟ್ಟಿಗಂತೂ ಅವತ್ತು ಕೈಯಲ್ಲಿದ್ದ ನಂಬಿಕೆ ಅಷ್ಟೇ, ಅದೇ ಸಾಕಾಯಿತು.

ನಂಬಿಕೆ ಸಾಲದು ಅನ್ನುವವರಿಗೆ ಯೇಸುವಿನ ಅಪೊಸ್ತಲ ಪೌಲನ ವಿಷಯ ಕೇಳಿ. ತನ್ನನ್ನು ಚುಚ್ಚುತ್ತಿದ್ದ ಮುಳ್ಳನ್ನು ತೆಗೆದುಬಿಡು ಅಂತ ಅವನು ಮೂರು ಸಲ ಬೇಡಿಕೊಂಡ. ದೇವರು ತೆಗೆಯಲಿಲ್ಲ, ನನ್ನ ಕೃಪೆಯೇ ನಿನಗೆ ಸಾಕು ಅಂದ. ಪೌಲನಿಗೂ ನಂಬಿಕೆ ಕಡಿಮೆ ಇತ್ತಾ? ಗೆತ್ಸೇಮನೆ ತೋಟದಲ್ಲಿ ಯೇಸು ಸ್ವತಃ ಪ್ರಾಣ ಹೋಗುವಷ್ಟು ದುಃಖವಾಗಿದೆ ಅಂತ ಶಿಷ್ಯರ ಮುಂದೆ ಹೇಳಿಕೊಂಡ, ಜೊತೆಯಲ್ಲಿ ಎಚ್ಚರವಾಗಿರಿ ಅಂತ ಕೇಳಿಕೊಂಡ. ಅವನೇ ಮುಚ್ಚಿಡಲಿಲ್ಲ, ನಾವು ಯಾಕೆ ಮುಚ್ಚಿಡಬೇಕು?

ಇನ್ನು ಪ್ರವಾದಿ ಎಲೀಯ. ನಿಮಗೆ ಬರುವ ಯೋಚನೆ ಅವನಿಗೂ ಬಂದಿತ್ತು. ಅಡವಿಯಲ್ಲಿ ಒಂದು ಗಿಡದ ಕೆಳಗೆ ಕೂತು, ಸಾಕು, ನನ್ನ ಪ್ರಾಣ ತಗೋ ಅಂದ. ದೇವರು ಗದರಲಿಲ್ಲ, ಉಪದೇಶವನ್ನೂ ಮಾಡಲಿಲ್ಲ. ಮಲಗಿದವನನ್ನು ದೂತನು ತಟ್ಟಿ ಎಬ್ಬಿಸಿ, ಎದ್ದು ಊಟ ಮಾಡು ಅಂದ. ರೊಟ್ಟಿ, ನೀರು. ತಿಂದು ಮತ್ತೆ ಮಲಗಿದ. ಮತ್ತೆ ಎಬ್ಬಿಸಿ ಮತ್ತೆ ಊಟ. ಮಾತುಕತೆ ಎಲ್ಲ ಆಮೇಲೆ, ಬೆಟ್ಟದ ಮೇಲೆ. ಮೈಯನ್ನು ಮೊದಲು ನೋಡಿಕೊಳ್ಳುವ ದೇವರು ಮಾತ್ರೆ ತಗೊಂಡರೆ ಕೋಪ ಮಾಡಿಕೊಳ್ಳುತ್ತಾನಾ?

ಅದರಲ್ಲೂ ಬೆಂಗಳೂರಿನಲ್ಲಿ ಕೂತು ಡಾಕ್ಟರು, ಮಾತ್ರೆ ಬೇಡ ಅನ್ನುವವರನ್ನು ಕಂಡರೆ ನನಗೆ ಸಿಟ್ಟು ಬರುತ್ತದೆ. ನೃಪತುಂಗ ರಸ್ತೆಯ ಸೇಂಟ್ ಮಾರ್ಥಾಸ್ ಆಸ್ಪತ್ರೆಯನ್ನು ಕ್ರೈಸ್ತ ಸನ್ಯಾಸಿನಿಯರು ಶುರು ಮಾಡಿದ್ದು 1886ರಲ್ಲಿ. ಸೇಂಟ್ ಜಾನ್ಸ್ ಮೆಡಿಕಲ್ ಕಾಲೇಜು 1963ರದ್ದು, ಅಲ್ಲಿ ಮನೋರೋಗ ವಿಭಾಗವೇ ಇದೆ. ಹೆಬ್ಬಾಳದಲ್ಲಿ ಬ್ಯಾಪ್ಟಿಸ್ಟ್ ಆಸ್ಪತ್ರೆ ಇದೆ. ಕ್ರೈಸ್ತರೇ ಊರಿಗೆಲ್ಲ ಔಷಧಿ ಕೊಟ್ಟು, ತಮ್ಮವರು ಮಾತ್ರ ತಗೋಬಾರದು ಅಂದರೆ ಏನರ್ಥ! ನಾನೂ ಡಾಕ್ಟರು ಬರೆದುಕೊಟ್ಟ ಮಾತ್ರೆ ತಗೊಂಡೆ, ಅವರು ಹೇಳಿದ ಮೇಲೆಯೇ ನಿಲ್ಲಿಸಿದೆ. ನಿದ್ದೆ ಬಂತು. ನಿದ್ದೆ ಬಂದ ಮೇಲೆ ಪ್ರಾರ್ಥನೆಯಲ್ಲಿ ಮನಸ್ಸು ನಿಲ್ಲೋಕೆ ಶುರುವಾಯಿತು.

ಭಾನುವಾರದ ಆರಾಧನೆ ಮಾತ್ರ ಬಿಡಲಿಲ್ಲ. ಹಿಂದಿನ ಬೆಂಚಿನಲ್ಲಿ ಕೂರುತ್ತಿದ್ದೆ. ಹಾಡು ಗಂಟಲಿಂದ ಹೊರಗೇ ಬರುತ್ತಿರಲಿಲ್ಲ. ಸುತ್ತ ಇದ್ದವರು ಹಾಡುತ್ತಿದ್ದರು, ನಾನು ಅದರ ನಡುವೆ ಇರುತ್ತಿದ್ದೆ, ಅಷ್ಟೇ. ಮಾರ್ಕನ ಸುವಾರ್ತೆಯಲ್ಲಿ ಪಾರ್ಶ್ವವಾಯು ಆದವನನ್ನು ನಾಲ್ಕು ಜನ ಹೊತ್ತು ತಂದು, ಮನೆಯ ಮಾಳಿಗೆ ಬಿಚ್ಚಿ ಕೆಳಗಿಳಿಸುತ್ತಾರಲ್ಲ, ಅಲ್ಲಿ ಯೇಸು ನೋಡಿದ್ದು ಹೊತ್ತುತಂದವರ ನಂಬಿಕೆಯನ್ನು. ಮಲಗಿದ್ದವನು ಒಂದು ಮಾತೂ ಆಡಿಲ್ಲ. ನಮ್ಮ ಕೈಲಾಗದ ದಿನ ಬೇರೆಯವರ ನಂಬಿಕೆಯ ಮೇಲೆ ಮಲಗಬಹುದು.

ನಿರೀಕ್ಷೆ ಒಂದೇ ದಿನ ಬರಲಿಲ್ಲ. ದೇವರು ತಮಗೆ ಮಾಡಿದ್ದನ್ನು ಸಭೆಯಲ್ಲಿ ಸಾಕ್ಷಿ ಹೇಳುವವರಿಗೆ ಇದು ಸಪ್ಪೆ ಅನಿಸಬಹುದು. ಮರುವರ್ಷ ಡಿಸೆಂಬರಿನಲ್ಲಿ ಕ್ರಿಸ್ಮಸ್ ತಿಂಡಿ ಕಲ್ಕಲ್‌ಗೆ ಹಿಟ್ಟು ಕಲಸಿ, ಫೋರ್ಕಿನ ಹಿಂಬದಿ ಮೇಲೆ ಒಂದೊಂದೇ ಉಂಡೆ ಒತ್ತಿ ಸುರುಳಿ ಮಾಡುತ್ತಿದ್ದೆ. ಪಕ್ಕದ ಮನೆಗೆ ಎಷ್ಟು, ನಾದಿನಿ ಮನೆಗೆ ಎಷ್ಟು ಅಂತ ಲೆಕ್ಕ ಹಾಕುತ್ತಿದ್ದೇನೆ ಅಂತ ಆಮೇಲೆ ಹೊಳೆಯಿತು. ಮುಂದಿನ ವಾರದ ಬಗ್ಗೆ ಯೋಚನೆ ಮಾಡುತ್ತಿದ್ದೆ! ಹಿಂದಿನ ವರ್ಷ ನಾಳೆ ಅನ್ನುವುದೇ ಬೇಡವಾಗಿತ್ತು. ದುಃಖ ಹೋಗಿಲ್ಲ, ಈಗಲೂ ಇದೆ. ಆದರೆ ಅದರ ಜೊತೆ ಅಡುಗೆ ಮಾಡಬಹುದು, ನಗಬಹುದು.

ನಿಮ್ಮ ಸಭೆ ಬಿಡಬೇಕಾ ಅನ್ನುವುದನ್ನು ಈಗಲೇ ತೀರ್ಮಾನ ಮಾಡಬೇಡಿ, ಸುಸ್ತಾದ ಮನಸ್ಸಿಗೆ ಅಷ್ಟು ದೊಡ್ಡ ಕೆಲಸ ಬೇಡ. ನಂಬಿಕೆ ಅಳೆಯುವವರಿಂದ ಸ್ವಲ್ಪ ದೂರ ಕೂತುಕೊಳ್ಳಿ. ಸಭೆಯ ಅಯ್ಯನವರ (ಪಾಸ್ಟರ್) ಹತ್ತಿರ ಒಬ್ಬರೇ ಹೋಗಿ ಮಾತಾಡಿ. ಅವರೂ ಡಾಕ್ಟರು ಬೇಡ ಅಂದರೆ ಆ ಒಂದು ವಿಷಯದಲ್ಲಿ ಅವರ ಮಾತು ಕೇಳಬೇಡಿ. ಹೊಸೂರು ರಸ್ತೆಯ ನಿಮ್ಹಾನ್ಸ್‌ಗೆ ಹೋಗುವುದಾದರೆ ಬೆಳಿಗ್ಗೆಯೇ ಹೋಗಿ, ಜನ ಜಾಸ್ತಿ ಇರುತ್ತಾರೆ. ಜೊತೆಗೆ ಯಾರನ್ನಾದರೂ ಕರೆದುಕೊಂಡು ಹೋಗಿ, ತಿನ್ನೋಕೆ ಏನಾದರೂ ಕಟ್ಟಿಕೊಳ್ಳಿ.