ಸ್ಪೇನ್‌ನ ಮನೆಗೆ ಫ್ರೆಂಚ್ ಕಂಪನಿಯ ವಿಮೆ: ಜರ್ಮನಿಯಲ್ಲಿ ವಾಸವಿರುವವರಿಗೆ ಯಾವ ದೇಶದ ಕಾನೂನು ಅನ್ವಯಿಸುತ್ತದೆ?

ಪಾಲಿಸಿಯಲ್ಲಿ ಕಾನೂನನ್ನು ಆಯ್ಕೆ ಮಾಡಿರದಿದ್ದರೆ ಸ್ಪೇನ್‌ನ ಕಾನೂನು ಅನ್ವಯಿಸುತ್ತದೆ. 2009ರ ಡಿಸೆಂಬರ್ 17ರಿಂದೀಚಿನ ಒಪ್ಪಂದಗಳಿಗೆ ಐರೋಪ್ಯ ಒಕ್ಕೂಟದಲ್ಲಿ, ಡೆನ್ಮಾರ್ಕ್ ಹೊರತುಪಡಿಸಿ, ಜಾರಿಯಲ್ಲಿರುವ, ಯಾವ ಒಪ್ಪಂದಕ್ಕೆ ಯಾವ ದೇಶದ ಕಾನೂನು ಎಂದು ತಿಳಿಸುವ 'ರೋಮ್ 1' ನಿಯಮಾವಳಿಯ 7ನೇ ವಿಧಿಯು ವಿಮೆ ಮಾರಿದ ಕಂಪನಿ ಎಲ್ಲಿಯದು ಎಂಬುದಕ್ಕಿಂತ, ಒಪ್ಪಂದವಾದಾಗ ಅಪಾಯವು (ಅಂದರೆ ವಿಮೆ ರಕ್ಷಣೆ ನೀಡುವ ನಷ್ಟದ ಸಂಭವ) ಯಾವ ದೇಶದಲ್ಲಿತ್ತು ಎಂಬುದನ್ನೇ ಮುಖ್ಯವಾಗಿ ನೋಡುತ್ತದೆ. ಅಪಾಯವಿರುವ ದೇಶವೆಂದರೆ ಕಟ್ಟಡಕ್ಕೆ ಅದು ನಿಂತಿರುವ ದೇಶ, ವಾಹನಕ್ಕೆ ನೋಂದಣಿಯಾದ ದೇಶ, ನಾಲ್ಕು ತಿಂಗಳು ಮೀರದ ಪ್ರವಾಸ ಪಾಲಿಸಿಗೆ ಅದನ್ನು ಕೊಂಡ ದೇಶ. ಉಳಿದವುಗಳಿಗೆ ಸಾಮಾನ್ಯವಾಗಿ ಪಾಲಿಸಿದಾರರ ವಾಸದ ದೇಶ.

ಆಯ್ಕೆಗೆ ಅವಕಾಶವಿದೆಯಾದರೂ ಅದು ಸೀಮಿತ. ನಿಮ್ಮ ಪ್ರಕರಣದಲ್ಲಿ ಸ್ಪೇನ್‌ನ ಕಾನೂನನ್ನೋ ನೀವು ನೆಲೆಸಿರುವ ಜರ್ಮನಿಯ ಕಾನೂನನ್ನೋ ಆರಿಸಬಹುದು. ಆ ಎರಡು ದೇಶಗಳಲ್ಲೊಂದರ ಕಾನೂನು ಹೆಚ್ಚಿನ ಸ್ವಾತಂತ್ರ್ಯ ನೀಡಿದ್ದರೆ ಮಾತ್ರ ಫ್ರಾನ್ಸ್‌ನ ಕಾನೂನಿಗೆ ದಾರಿಯುಂಟು. ಜೀವವಿಮೆಗೆ ಪಾಲಿಸಿದಾರರು ಪ್ರಜೆಯಾಗಿರುವ ಸದಸ್ಯ ದೇಶದ ಕಾನೂನನ್ನೂ ಆರಿಸಬಹುದು.

ಹಡಗು, ವಿಮಾನ, ಸಾಗಣೆಯಲ್ಲಿರುವ ಸರಕು ಮುಂತಾದ 'ದೊಡ್ಡ ಅಪಾಯ'ಗಳ ವಿಮೆಯಲ್ಲಿ ಆಯ್ಕೆ ಮುಕ್ತ. ಆರಿಸದಿದ್ದರೆ, ಬೇರೊಂದು ದೇಶದ ಜೊತೆ ಸ್ಪಷ್ಟವಾಗಿ ನಿಕಟವಾದ ನಂಟು ಇಲ್ಲದ ಪಕ್ಷದಲ್ಲಿ, ವಿಮಾ ಕಂಪನಿಯ ದೇಶದ ಕಾನೂನು ಅನ್ವಯಿಸುತ್ತದೆ. ವ್ಯವಹಾರಸ್ಥರು ತಮ್ಮನ್ನು ತಾವೇ ಕಾಪಾಡಿಕೊಳ್ಳಬಲ್ಲರೆಂಬ ಊಹೆ ಇದರ ಹಿಂದಿದೆ, ಅದು ಒಪ್ಪತಕ್ಕದ್ದೇ. ಮರುವಿಮೆ, ಅಂದರೆ ವಿಮಾ ಕಂಪನಿಗಳು ತಮ್ಮ ಹೊಣೆಗೆ ತಾವೇ ಮಾಡಿಸುವ ವಿಮೆ, ಈ ವಿಧಿಯ ವ್ಯಾಪ್ತಿಗೆ ಬರುವುದಿಲ್ಲ. ಮನೆ ಸ್ಪೇನ್‌ನ ಬದಲು ಒಕ್ಕೂಟದ ಹೊರಗೆ, ಉದಾಹರಣೆಗೆ ಮೈಸೂರಿನಲ್ಲಿ, ಇದ್ದಿದ್ದರೆ 7ನೇ ವಿಧಿಯನ್ನು ಬಿಟ್ಟು, ಸಾಮಾನ್ಯ ಒಪ್ಪಂದಗಳ ಮತ್ತು ಗ್ರಾಹಕ ಒಪ್ಪಂದಗಳ ವಿಧಿಗಳನ್ನು ನೋಡಬೇಕಾಗುತ್ತಿತ್ತು.